ಅವ್ವನನ್ನು ಬರೆದುಕೊಟ್ಟ ಅರ್ಜಿ

ನಮ್ಮೂರಿನಲ್ಲಿ ಬಯೋಡೇಟಾವನ್ನು ಯಾರೂ ಉದ್ದ ಬರೆಯುವುದಿಲ್ಲ. ಬೇರೆ ಊರುಗಳಲ್ಲಿ ಹುಡುಗರು ಬಾರದ ವಿದ್ಯೆಯನ್ನೂ ಬರುತ್ತದೆಂದು ಸೇರಿಸಿ ನಾಲ್ಕು ಪುಟ ತುಂಬಿಸುತ್ತಾರಂತೆ. ಅಂಥ ಸುಖ ನಮಗಿಲ್ಲ. ನಮ್ಮಲ್ಲಿ ‘ನನಗೆ ಇಂಥದ್ದು ಬರುತ್ತದೆ’ ಎಂದು ಬರೆದು ಅರ್ಜಿಯ ಪೆಟ್ಟಿಗೆಗೆ ಹಾಕಿದರೆ ಆ ವಿದ್ಯೆ ಕಾಗದದ ಜೊತೆಗೇ ಹೋಗುತ್ತದೆ. ಕಾಗದ ಎಲ್ಲಿರುತ್ತದೋ ಆ ಕಾಂಪೌಂಡಿನೊಳಗೆ ಮಾತ್ರ ಅದು ನಿಮ್ಮದು. ಕೆಲಸ ಸಿಗದಿದ್ದರೆ ಕಾಗದ ಮನೆಗೆ ವಾಪಸು ಬರುತ್ತದೆ, ವಿದ್ಯೆಯೂ ಬರುತ್ತದೆ. ಕೆಲಸ ಸಿಕ್ಕರೆ ಕಾಗದ ಕಚೇರಿಯ ಕಪಾಟಿನಲ್ಲೇ ಉಳಿಯುತ್ತದೆ, ನಿವೃತ್ತಿಯಾಗುವವರೆಗೂ.

ನಮ್ಮ ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಸೈಕಲ್ ಅಂಗಡಿಯ ಬಾಗಿಲಿಗೆ ‘ಅರ್ಜಿ ಹಾಕಿದೆ, ಪಂಚರ್ ಇಲ್ಲ’ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರೆ ಯಾರೂ ಬೈಯುವುದಿಲ್ಲ, ಸೈಕಲ್ ತಳ್ಳಿಕೊಂಡು ಮುಂದೆ ಹೋಗುತ್ತಾರೆ. ಹಾಸ್ಟೆಲ್ಲಿನಲ್ಲಿ ಇನ್ನೂರು ಹುಡುಗರಿಗೆ ಅಡಿಗೆ ಮಾಡುವ ಶಿವಪುತ್ರ ಮನೆಯಲ್ಲಿ ಒಂದು ಲೋಟ ಚಹಾ ಕಾಯಿಸಲಾರ. ಹೆಂಡತಿ ಎಂಟು ವರ್ಷದಿಂದ ಕಲಿಸುತ್ತಿದ್ದಾಳೆ. ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುವುದಿಲ್ಲ. ನನ್ನ ಜೊತೆ ಓದಿದ ಸುವರ್ಣಾ ಸೀರೆ ಅಂಗಡಿಯ ಅರ್ಜಿಯಲ್ಲಿ ಚಂದ ಕಾಣಲೆಂದು ‘ಸದಾ ನಗುಮುಖ’ ಎಂದು ಬರೆದಳು. ಕೆಲಸ ಸಿಕ್ಕಿತು. ಅವಳ ಮದುವೆಯ ಫೋಟೊಗಳಲ್ಲಿ ಗಂಡನೊಬ್ಬನೇ ನಗುತ್ತಿದ್ದಾನೆ.

ನಾನು ನೀಲಾಂಬಿಕಾ. ಆಗ ಇಪ್ಪತ್ತೆರಡು ವರ್ಷ, ಬಿ.ಎ. ಎರಡನೇ ದರ್ಜೆ, ಮೊಂಡು ಸ್ವಭಾವ. ಏನೇ ಆದರೂ ಮೊಂಡುತನವನ್ನು ಯಾವ ಅರ್ಜಿಯಲ್ಲೂ ಬರೆಯಬಾರದು, ಅದು ಮುಂದೆ ಬೇಕಾಗುತ್ತದೆ ಎಂದು ಮೊದಲೇ ತೀರ್ಮಾನಿಸಿದ್ದೆ. ಯುಗಾದಿಯೊಳಗೆ ನನ್ನದೇ ಒಂದು ಕೆಲಸ ಹಿಡಿಯಬೇಕೆಂದು ಹಟ ತೊಟ್ಟಿದ್ದೆ. ಮೊದಲ ಬಯೋಡೇಟಾದಲ್ಲಿ ಹೆಸರು, ವಿಳಾಸ, ಬಿ.ಎ. ಇಷ್ಟನ್ನೇ ಬರೆದು ಒಂದು ದಲಾಲಿ ಅಂಗಡಿಗೆ ಕೊಟ್ಟೆ. ಬಿ.ಎ. ನನ್ನಿಂದ ಹೋಯಿತು, ಆದರೆ ಏನೋ ಕಡಿಮೆಯಾಯಿತೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಅವರಿಗೂ ಅನ್ನಿಸಲಿಲ್ಲವೆಂದು ಕಾಣುತ್ತದೆ, ಮೂರನೆಯ ದಿನ ಕಾಗದ ವಾಪಸು ಬಂತು. ಎರಡನೆಯದು ವಿಮಾ ಕಚೇರಿಗೆ. ಅದೂ ಬಂತು. ಹಿಂದೆ ಪೆನ್ಸಿಲ್ಲಿನಲ್ಲಿ ‘ಬರುವುದೇನು?’ ಎಂದು ಬರೆದಿದ್ದರು.

ನನಗೆ ಬರುತ್ತಿದ್ದುದು ಒಂದೇ. ಅವ್ವನ ಮಾತು ತಿಳಿಯುತ್ತಿತ್ತು.

ಅವ್ವನ ಹೆಸರು ತುಂಗವ್ವ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ ಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ಇಟ್ಟು ಊರಿಗೆಲ್ಲ ರೊಟ್ಟಿ, ಝುಣಕ, ಎಣಗಾಯಿ ಬಡಿಸಿದವಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವ್ವನಿಗೆ ಎರಡೂ ಗೊತ್ತಿತ್ತು. ರೋಗವೂ ಬಂತು, ಜಗಳವೂ ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗೈ ಸೋತಿತು, ನಾಲಿಗೆ ಹೊರಳದಂತಾಯಿತು. ಅವ್ವ ಬಾಯಿ ತೆರೆದರೆ ಬೇರೆಯವರಿಗೆ ಬರೀ ‘ಅವ್ವವ್ವ, ಬಲಬಲ’ ಎಂದು ಕೇಳುತ್ತಿತ್ತು. ನನಗೆ ಮಾತ್ರ ಒಂದೊಂದು ಅಕ್ಷರವೂ ಬಿಡಿಸಿ ಕೇಳುತ್ತಿತ್ತು. ಅಂದಿನಿಂದ ಅವ್ವ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಅಡಿಗೆಯ ಬಾಳಕ್ಕನಿಗೆ ಮುಟ್ಟಿಸುವುದು. ಬಾಳಕ್ಕ ಹದಿನೈದು ವರ್ಷದಿಂದ ನಮ್ಮಲ್ಲಿ ರೊಟ್ಟಿ ಬಡಿಯುವವಳು, ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ‘ಉಪ್ಪು ಕೈತಪ್ಪಿ ಬಿತ್ತೇನ ಕತ್ತಿ’ ಎಂದು ಅವ್ವ ಬೈದರೆ ನಾನು ‘ಬಾಳಕ್ಕಾ, ಉಪ್ಪು ಸ್ವಲ್ಪ ನೋಡಿ ಹಾಕಬೇಕಂತ’ ಎನ್ನುತ್ತಿದ್ದೆ.

ಅವ್ವನ ಮಾತು ನನಗೆ ಹಿಡಿತಕ್ಕೆ ಬಂದಮೇಲೆ ಉಳಿದವರದೂ ತಾನಾಗಿ ತಿಳಿಯತೊಡಗಿತು. ಬಾಯಿತುಂಬ ತಂಬಾಕು ಇಟ್ಟುಕೊಂಡ ಹಮಾಲರು, ಮುಂದಿನ ಹಲ್ಲು ಬಿದ್ದ ಕೂಸುಗಳು, ಜ್ವರದಲ್ಲಿ ಬಡಬಡಿಸುವವರು, ಯಾರೇ ಆಗಲಿ. ಓಣಿಯವರು ಕರೆಯಲು ಬರುತ್ತಿದ್ದರು. ನನಗೆ ಅದರಲ್ಲಿ ಒಂದು ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಸಂಕ್ರಾಂತಿ ಮುಗಿದ ವಾರ ದೊಡ್ಡ ದವಾಖಾನೆಯ ಗೇಟಿಗೆ ಒಂದು ನೋಟೀಸು ಅಂಟಿಸಿದರು. ಚೀಟಿ ಬರೆಯುವ ಕಿಟಕಿಗೆ ಒಬ್ಬರು ಬೇಕು. ಬಂದವರ ಹೆಸರು ಕೇಳಿ, ಏನು ತ್ರಾಸು ಎಂದು ತಿಳಿದು, ಯಾವ ಡಾಕ್ಟರ ಹತ್ತಿರ ಹೋಗಬೇಕೆಂದು ಚೀಟಿ ಕೊಡುವ ಕೆಲಸ. ‘ಹಿಂದಿನ ನೌಕರಿಯ ಅನುಭವ ಬೇಕಾಗಿಲ್ಲ’ ಎಂದು ಕೆಳಗೆ ದಪ್ಪಗೆ ಬರೆದಿತ್ತು. ನೋಟೀಸನ್ನು ಕೊನೆಯವರೆಗೂ ಓದಿದೆ. ಈ ಕೆಲಸ ನನ್ನದೇ ಎನ್ನಿಸಿತು. ಮರುಕ್ಷಣವೇ ಅದಕ್ಕೆ ಏನು ಬರೆದುಕೊಡಬೇಕು ಎಂಬುದೂ ಗೊತ್ತಾಯಿತು.

ನಮ್ಮೂರಿನಲ್ಲಿ ಬರುವ ವಿದ್ಯೆಯನ್ನು ಬರೆದುಕೊಡುವವರು ದಸ್ತಗೀರ ಮಾಸ್ತರರಿಗೆ ತೋರಿಸದೆ ಪೆಟ್ಟಿಗೆಗೆ ಹಾಕುವುದಿಲ್ಲ. ನನಗೆ ಮೂರನೆಯ ಇಯತ್ತೆಯಲ್ಲಿ ಕಲಿಸಿದವರು. ನಿವೃತ್ತಿಯಾದ ಮೇಲೆ ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಒಂದು ಮೇಜು, ಒಂದು ಕೆಂಪು ಪೆನ್ಸಿಲ್ಲು ಇಟ್ಟುಕೊಂಡು ಕೂತಿದ್ದಾರೆ. ಅವರ ಕಸುಬು ಬರೆಯುವುದಲ್ಲ, ಬರೆದದ್ದನ್ನು ಹೊಡೆದುಹಾಕುವುದು. ನಾನು ಹೋದಾಗ ಒಬ್ಬ ಹುಡುಗನನ್ನು ಬೈಯುತ್ತಿದ್ದರು.

“ಈಜು ಬರ್ತೈತಿ ಅಂತ ಬರದೀಯಲ್ಲೋ. ನೀ ಸೇರೂದು ಬಟ್ಟಿ ಅಂಗಡಿ. ಅಲ್ಲಿ ಯಾರ್ ಮುಳಗ್ತಾರ? ನಾಳೆ ನೀನ ಕೆರಿಗೆ ಬಿದ್ದೀ ಅಂದ್ರ ಏನ್ ಮಾಡ್ತಿ?” ಎಂದು ಆ ಸಾಲಿನ ಮೇಲೆ ಪೆನ್ಸಿಲ್ಲು ಎಳೆದು ಅವನನ್ನು ಕಳಿಸಿದರು. ಆಮೇಲೆ ನನ್ನ ಹಾಳೆ ನೋಡಿದರು. ‘ಕಿಟಕಿ ಕೆಲಸಕ್ಕೆ’ ಎಂಬ ತಲೆಬರಹದ ಕೆಳಗೆ ಎಂದಿನ ಮೂರೇ ಸಾಲು.

“ಇದರಾಗ ನಾ ಹೊಡಿಯೂದೇನು ಉಳದಿಲ್ಲ. ಬರಿಯೂದು ಬಿಟ್ಟೀಯಲ್ಲ ತಂಗಿ,” ಎಂದರು. ಅವರು ವಾರಕ್ಕೆ ಎರಡು ದಿನವಾದರೂ ನಮ್ಮಲ್ಲಿ ಊಟ ಮಾಡುವವರು. ಎಲ್ಲ ಕಂಡವರು.

“ಅದೊಂದು ಬಿಟ್ಟು ಏನಾರ ಬರೀಬಹುದೇನ್ರಿ ಸರ್?”

“ಅದೊಂದು ಬಿಟ್ರ ಖಾಲಿ ಹಾಳಿ ಐತಿ.”

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಖಾಲಿ ಹಾಳೆ ಎಂದು ಮುಖದ ಮೇಲೆ ಹೇಳಿಸಿಕೊಳ್ಳಲು ಯಾರಿಗೆ ಇಷ್ಟವಾಗುತ್ತದೆ! ಅವರ ಮುಂದೆಯೇ ಪೆನ್ನು ತೆಗೆದು ಹೀಗೆ ಬರೆದೆ: ‘ನಾಲಿಗೆ ಹೊರಳದವರ ಮಾತು ತಿಳಿಯುತ್ತದೆ, ನನ್ನ ತಾಯಿಯ ಮಾತನ್ನು ಬಿಟ್ಟು.’ ಮಾಸ್ತರರು ಓದಿ ನಕ್ಕರು, ಪೆನ್ಸಿಲ್ಲು ಎತ್ತಲಿಲ್ಲ. “ಹಾಕಿ ನೋಡು,” ಎಂದರು. ಹಾಕಿದೆ. ಅರ್ಜಿ ಮರುದಿನವೇ ವಾಪಸು ಬಂತು. ನನ್ನ ಬುದ್ಧಿವಂತಿಕೆಯ ಸಾಲಿನ ಕೆಳಗೆ ‘ಕಲಿತದ್ದು ಯಾರ ಬಳಿ? ಎಷ್ಟು ವರ್ಷ? ಪೂರ್ತಿ ಬರೆದು ಹತ್ತನೇ ತಾರೀಖಿನೊಳಗೆ ಕೊಡಿರಿ’ ಎಂದಿತ್ತು. ಅಂದರೆ ಅವರಿಗೆ ನಾನು ಬೇಕಾಗಿದ್ದೆ. ಅದು ನನಗೆ ಇನ್ನೂ ಕಷ್ಟಕ್ಕೆ ಬಂತು.

ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟೆ. ಖಾನಾವಳಿಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿದ್ದು ಎಷ್ಟು ಹೊತ್ತು ಉಳಿದೀತು? ಬಾಳಕ್ಕ ತೆಗೆದು ಅವ್ವನ ತೊಡೆಯ ಮೇಲೆ ಇಟ್ಟಳು. ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಅವ್ವ ಎರಡು ಸಲ ಓದಿದಳು. ಅವಳ ಕಿವಿ, ಕಣ್ಣು, ತಲೆ ಯಾವುದಕ್ಕೂ ಏನೂ ಆಗಿರಲಿಲ್ಲ. ಸೋತದ್ದು ನಾಲಿಗೆ, ಅವಳು ಬರೆಯುತ್ತಿದ್ದ ಎಡಗೈ ಅಷ್ಟೇ. ನನ್ನ ಕಡೆ ನೋಡಿ ಹೇಳಿದಳು, “ಪೂರ್ತಿ ಬರೀ. ಬರದ ಕೊಡು.”

ಬಾಳಕ್ಕ ಕೈ ಒರೆಸಿಕೊಳ್ಳುತ್ತ ಕೇಳಿದಳು, “ಏನಂದ್ರು ತುಂಗಕ್ಕ?”

“ಬ್ಯಾಡ ಅಂತಾಳ,” ಎಂದೆ. “ಈ ಕೆಲಸ ಬ್ಯಾಡ, ಮನಿಯಾಗ ಇರು ಅಂತಾಳ.”

ಅವ್ವನ ಬಲಗೈಯಲ್ಲಿದ್ದ ಸೌಟು ಬಂದು ನನ್ನ ಕಾಲ ಬಳಿ ಬಿತ್ತು. ಮೂರು ವರ್ಷದಲ್ಲಿ ಅವಳ ಮಾತಿಗೆ ಸಕ್ಕರೆ ಬೆರೆಸಿದ್ದೆ, ನೀರು ಬೆರೆಸಿದ್ದೆ. ತಿರುಗಿಸಿ ಹೇಳಿದ್ದು ಅದೇ ಮೊದಲು. ಅವ್ವ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

“ನನಗ ಕಿವಿ ಕೇಳಸ್ತಾವ. ಮೂರು ವರ್ಷಾತು ನೋಡ್ತೀನಿ, ನಾ ಬೈದದ್ದು ಒಂದು, ನೀ ಹೇಳೂದು ಒಂದು. ಹೋಗ್ಲಿ ಅಂತ ಬಿಟ್ಟೀನಿ. ಈಗ ನನ್ನ ಹೆಸರ ಹೇಳಿ ನಿನ್ನ ಹೆದರಿಕಿ ಮುಚ್ಚಬ್ಯಾಡ. ನನ್ನ ನಾಲಗಿ ಆಗೇ ಮುದುಕಿ ಆಗ್ತೀಯೇನು? ನಾ ಹೋದಮ್ಯಾಗ ಯಾರ ನಾಲಗಿ ಆಗ್ತಿ?”

ಬಾಳಕ್ಕ ಮತ್ತೆ ನನ್ನನ್ನೇ ನೋಡುತ್ತಿದ್ದಳು. ನಾನು ಒಂದಕ್ಷರ ಬಿಡದೆ, ಸಕ್ಕರೆ ಬೆರೆಸದೆ ಎಲ್ಲವನ್ನೂ ಹೇಳಿದೆ. ಅವ್ವ ಹೇಳಿದ್ದು ಸರಿ ಇತ್ತು. ಅವ್ವನ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ನನಗೆ ಹೆದರಿಕೆಯಾಗಿತ್ತು. ಇರುವ ಒಂದನ್ನೂ ಕೊಟ್ಟುಬಿಟ್ಟರೆ ಆ ಮನೆಯಲ್ಲಿ ನಾನು ಯಾರು? ಅವ್ವನ ಮಾತು ಊರಿಗೆಲ್ಲ ಒಗಟಾಗಿದ್ದು ನನಗೆ ಒಬ್ಬಳಿಗೇ ಬಿಡಿಸಲು ಬರುತ್ತಿತ್ತಲ್ಲ, ಆ ದೊಡ್ಡಸ್ತಿಕೆ ಬಿಡಲು ಮನಸ್ಸಿರಲಿಲ್ಲ.

ಬಾಳಕ್ಕ ಸೌಟು ಎತ್ತಿ ತೊಳೆದಿಟ್ಟು, “ಬರದ ಕೊಡವಾ,” ಎಂದಳು. “ಉಪ್ಪು ಖಾರ ನಾ ಹೆಂಗರ ಮಾಡಿ ತಿಳಕೋತೀನಿ. ಹದಿನೈದು ವರ್ಷಾತು ಅಕ್ಕಾರ ಮಾರಿ ನೋಡಿ.”

ಬಯೋಡೇಟಾವನ್ನು ಸ್ವಂತ ಕೈಯಿಂದ ಬರೆಯಬೇಕೆಂಬುದು ನಮ್ಮಲ್ಲಿ ಪದ್ಧತಿ. ಮರುದಿನ ಖಾನಾವಳಿಯ ಉದ್ದ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಕೂತೆ. ಅವ್ವ ಎದುರಿಗೆ ಕೂತಳು. ಹೆಸರು, ವಿಳಾಸ, ಬಿ.ಎ. ಆಮೇಲೆ: ‘ನಾಲಿಗೆ ಹೊರಳದವರ ಮಾತು ತಿಳಿಯುತ್ತದೆ. ಕಲಿತದ್ದು ತಾಯಿ ತುಂಗವ್ವನ ಬಳಿ, ಬಸ್‌ಸ್ಟ್ಯಾಂಡ್ ಹಿಂದಿನ ಖಾನಾವಳಿಯಲ್ಲಿ, ಮೂರು ವರ್ಷ ಎರಡು ತಿಂಗಳು.’ ಬರೆಯುವಾಗ ಅವ್ವ ಏನೇನೋ ಹೇಳುತ್ತಲೇ ಇದ್ದಳು. ಅಕ್ಷರ ದುಂಡಗೆ ಬರೀ ಎಂದಳು. ತಾಯಿ ಎನ್ನುವಲ್ಲಿ ‘ಶ್ರೀಮತಿ’ ಹಾಕು ಎಂದಳು. ಹಾಕಿದೆ. ಮಾಸ್ತರರ ಹತ್ತಿರ ಒಯ್ದಾಗ ಅವರು ಕನ್ನಡಕ ಏರಿಸಿ ಓದಿ, ಕೆಂಪು ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು.

“ಇದರಾಗ ಒಂದಕ್ಷರ ಹೊಡಿಯಾಂಗಿಲ್ಲ,” ಎಂದರು. “ಹೋಗಿ ಹಾಕಿ ಬಾ.”

ದವಾಖಾನೆಯ ಪೆಟ್ಟಿಗೆಗೆ ಹಾಕಿ ಗೇಟು ದಾಟಿದೆ. ಏನೂ ಆಗಲಿಲ್ಲ, ಬಿಸಿಲು ಹಾಗೇ ಇತ್ತು. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಬಾಯಿ ತೆರೆದು ಏನೋ ಕೇಳಿದಳು. ‘ಅವ್ವವ್ವ, ಬಲಬಲ.’ ಮೂರು ವರ್ಷ ಊರಿನವರು ಕೇಳುತ್ತಿದ್ದುದು ಇದನ್ನೇ ಎಂದು ನನಗೆ ಅವತ್ತು ತಿಳಿಯಿತು. ಅವ್ವ ನನ್ನ ಮುಖ ನೋಡಿದಳು. ಬಲಗೈಯಿಂದ ನನ್ನ ಭುಜ ತಟ್ಟಿ ಒಳಗೆ ಹೋದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಚೆನ್ನಾಗಿ ಅತ್ತೆ.

ಆಮೇಲಿನ ದಿನಗಳಲ್ಲಿ ಖಾನಾವಳಿ ನಿಲ್ಲಲಿಲ್ಲ. ಅವ್ವ ಸೌಟಿನಿಂದ ಬೋಗುಣಿ ಬಡಿದು ಹೇಳುವುದು ಶುರು ಮಾಡಿದಳು. ಒಂದೇಟು ಅಂದರೆ ಉಪ್ಪು, ಎರಡು ಅಂದರೆ ಖಾರ, ಮೂರು ಅಂದರೆ ಒಲೆ ಸಣ್ಣ ಮಾಡು, ಬಿಡದೆ ಬಡಿದರೆ ಬೈಗಳು. ಮೊದಲ ವಾರ ಎರಡು ದಿನ ಪಲ್ಯ ಉಪ್ಪಾಯಿತು, ಗಿರಾಕಿಗಳು ‘ಯಾರು ಅರ್ಜಿ ಹಾಕ್ಯಾರ?’ ಎಂದು ಕೇಳಿ ನೀರು ಕುಡಿದು ಸುಮ್ಮನಾದರು. ಬಾಳಕ್ಕ ನಿಧಾನವಾಗಿ ಹಿಡಿತಕ್ಕೆ ತಂದುಕೊಂಡಳು. ಒಂದು ದಿನ ಅವ್ವ ಬಲಬಲ ಎಂದಾಗ ಅವಳು ತಿರುಗಿ, “ಸಾಕು ಅಂತಾರ, ಹಿಟ್ಟು ಸಾಕಂತ,” ಎಂದಳು. ಅವ್ವ ಹೌದೆಂದು ತಲೆ ಆಡಿಸಿದಳು. ಹದಿನೈದು ವರ್ಷ ದುಡಿದವಳ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ನಾಚಿಕೆಯೂ ಆಯಿತು, ಆದರೂ ಪಟ್ಟೆ.

ಸಂದರ್ಶನಕ್ಕೆ ಕರೆ ಬಂತು. ದವಾಖಾನೆಯ ಗೇಟು ದಾಟಿದ ಕೂಡಲೇ ಕಿವಿ ತೆರೆದಂತಾಯಿತು. ಹೊರಸಿನ ಮೇಲೆ ಮಲಗಿ ನರಳುತ್ತಿದ್ದ ಅಜ್ಜ ‘ಎಡಗಡೆ ತಿರುಗಿಸ್ರೋ’ ಎನ್ನುತ್ತಿದ್ದುದು ಕೇಳಿ, ಹೋಗಿ ತಿರುಗಿಸಿ ಒಳಗೆ ಹೋದೆ. ಕಿಟಕಿಯ ಮೇಲ್ವಿಚಾರಣೆ ನೋಡುವ ಹಿರಿಯ ನರ್ಸಮ್ಮ ಅದನ್ನು ಬಾಗಿಲಿಂದಲೇ ನೋಡಿದ್ದರು. ಹೆಚ್ಚೇನೂ ಕೇಳಲಿಲ್ಲ. ನನ್ನ ಹಾಳೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಬೆರಳಿಟ್ಟರು.

“ಎಲ್ಲಾರ್ಗೂ ಕೇಳ್ತೀವಿ, ನಿನಗೂ ಕೇಳ್ತೀನಿ. ಇದು ಮನಿಯಾಗ ಯಾರಿಗರ ಬೇಕಾಗೇತೇನು? ಬೇಕಿದ್ರ ಈಗ ಹಾಳಿ ತಗೊಂಡ ಹೋಗು, ಯಾರೂ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ. ಕಪಾಟಿಗೆ ಹೋದ್ರ ಮುಗೀತು.”

ಹಾಳೆ ಕೈಗೆಟುಕುವಷ್ಟು ಹತ್ತಿರವಿತ್ತು. ತೆಗೆದುಕೊಂಡು ಓಡಿದರೆ ಹತ್ತು ನಿಮಿಷದಲ್ಲಿ ಮನೆ, ಅವ್ವ ಏನೆಂದರೂ ತಿಳಿಯುತ್ತದೆ. ಆಸೆಯಾಯಿತು. ತುಂಬಾ ಆಸೆಯಾಯಿತು. ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ.

“ಬೇಕಾಗೇತ್ರಿ,” ಎಂದೆ. “ಆದ್ರೂ ನಾ ಸೇರ್ತೀನಿ.”

ನರ್ಸಮ್ಮ ಎದ್ದು ಹಾಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸೋಮವಾರದಿಂದ ಬಾ ಎಂದರು.

ಕೆಲಸ ನನಗೆ ಹಿಡಿಸಿತು. ಹೊಟ್ಟೆ ಹಿಡಿದುಕೊಂಡು ಬಂದವರು, ಬಾಯಿ ಬಾತವರು, ಅಳುತ್ತ ಏನೂ ಹೇಳಲಾರದವರು, ಎಲ್ಲರೂ ನನ್ನ ಕಿಟಕಿಗೆ ಬಂದು ಚೀಟಿ ಹಿಡಿದು ಸರಿಯಾದ ಬಾಗಿಲಿಗೆ ಹೋಗುತ್ತಿದ್ದರು. ಮೊದಲು ಅವರನ್ನು ಕಣ್ಣಿನ ಡಾಕ್ಟರಿಂದ ಕಿವಿಯವರಿಗೆ, ಕಿವಿಯವರಿಂದ ಹಲ್ಲಿನವರಿಗೆ ಅಲೆಸುತ್ತಿದ್ದರಂತೆ. ಸಂಜೆ ಐದಕ್ಕೆ ಗೇಟು ದಾಟಿದರೆ ನಾನು ಎಲ್ಲರಂತೆ. ಮನೆಯಲ್ಲಿ ಅವ್ವನ ಮುಂದೆ ಊಟಕ್ಕೆ ಕೂರುತ್ತಿದ್ದೆ. ಅವಳು ಬಲಬಲ ಎನ್ನುವಳು, ನಾನು ಅಂದಾಜಿನ ಮೇಲೆ ನೀರು ಕೊಡುವೆ, ಗುಳಿಗೆ ಕೊಡುವೆ, ಕಿಟಕಿ ಮುಚ್ಚುವೆ. ಅವಳು ಬೇಡವೆಂದು ಕೈ ಆಡಿಸುವಳು. ಮೆಲ್ಲಗೆ ಇಬ್ಬರೂ ಮಾತು ಕಡಿಮೆ ಮಾಡಿದೆವು. ಒಂದೇ ಚಾಪೆಯ ಮೇಲೆ ಕೂತಿದ್ದರೂ ಅವ್ವ ಬೇಕು ಎಂದು ನನಗೆ ಹಂಬಲವಾದದ್ದು ಆ ತಿಂಗಳು. ಆದರೂ ಒಂದು ದಿನವೂ ಕೆಲಸಕ್ಕೆ ತಪ್ಪಿಸಲಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ, ಒಂದು ಗುರುವಾರ, ಪಾಳಿ ಗೇಟಿನವರೆಗೂ ಇತ್ತು. ತಲೆ ಎತ್ತಲು ಪುರುಸೊತ್ತಿಲ್ಲದೆ ಬರೆಯುತ್ತಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕಿಟಕಿಯ ಹಲಗೆಯ ಮೇಲೆ ಒಂದು ಬಲಗೈ ಬಂತು.

“ಹೆಸರು?” ಎಂದೆ.

“ತುಂಗವ್ವ.”

ನೋಡಿದರೆ ಅವ್ವ. ಮದುವೆಮುಂಜಿಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಕೋಲು, ಹಣೆಯೆಲ್ಲ ಬೆವರು. ಅಷ್ಟು ದೂರ ಒಬ್ಬಳೇ ನಡೆದು ಬಂದು, ಅಷ್ಟು ಉದ್ದದ ಪಾಳಿಯಲ್ಲಿ ನಿಂತಿದ್ದಾಳೆ.

“ಅವ್ವಾ! ಏನಾತು? ಎದಿ ನೋಯ್ತೈತೇನು? ಮತ್ತ ಕೈ ಜೋಮು ಹಿಡದೇತೇನು?”

“ಏನೂ ಆಗಿಲ್ಲ. ಗಟ್ಟಿ ಅದೀನಿ,” ಎಂದಳು. “ಮಾತಾಡಾಕ ಬಂದೀನಿ.”

ಒಂದೊಂದು ಅಕ್ಷರವೂ ಬಿಡಿಸಿ ಕೇಳಿತು. ನಾನು ಪೆನ್ನು ಕೆಳಗಿಟ್ಟೆ.

“ಮೊನ್ನಿ ಹಸರ ಸೀರಿ ಉಟ್ಟಿದ್ದಿಯಲ್ಲ, ಭಾಳ ಚಲೋ ಕಾಣ್ತಿದ್ದಿ. ಹೇಳಿದ್ನಿ. ನೀ ನೀರ ತಂದು ಕೊಟ್ಟಿ. ಮತ್ತ ಹೇಳಿದ್ನಿ, ಗುಳಿಗಿ ತಂದಿ. ಎಷ್ಟ್ ಗುಳಿಗಿ ನುಂಗ್ಲಿ ನಾ?” ಅವ್ವ ಉಸಿರು ತೆಗೆದುಕೊಂಡಳು. “ಇನ್ನಾ ಭಾಳ ಐತಿ. ಊಟ ಅರ್ಧಕ್ಕ ಬಿಟ್ಟ ಏಳ್ತಿ, ಯಾಕ? ರಾತ್ರಿ ಮಗ್ಗಲ ಬದಲಸ್ತಿ, ಯಾಕ? ನಾ ಬರೀ ಅಂದದ್ದು ತಪ್ಪಾತೇನು?”

“ಇಲ್ಲವ್ವ,” ಎಂದೆ. ಕಣ್ಣೀರು ಚೀಟಿಯ ಪುಸ್ತಕದ ಮೇಲೆ ಬೀಳುತ್ತಿದ್ದುದನ್ನು ಒರೆಸಲಿಲ್ಲ. “ತಪ್ಪಾಗಿಲ್ಲ. ನನಗ ಇಲ್ಲಿ ಸೇರತೈತಿ. ನೀ ಇಲ್ಲದ್ದು ಒಂದ ಸೇರವಲ್ದು.”

“ಹುಚ್ಚಿ. ನಾ ಎಲ್ಲಿಗ್ ಹೋಗೀನಿ? ಕೇಳಿಲ್ಲಿ, ಬಾಳಕ್ಕಂದೊಂದು ಹೇಳೂದೈತಿ...”

ಹಿಂದೆ ನಿಂತಿದ್ದ ಗಟ್ಟಿಮುಟ್ಟಾದ ಗಂಡಸು ಅವ್ವನ ಭುಜದ ಮೇಲಿನಿಂದ ಕತ್ತು ಚಾಚಿದ. “ಏನ್ ಮೇಡಂ, ಈ ಯಮ್ಮನ ಮಾತು ಯಾರಿಗೆ ತಿಳೀತೈತಿ? ಸುಮ್ನ ಒಂದು ಚೀಟಿ ಕೊಟ್ಟ ಕಳಸ್ರಿ. ನನಗ ಲೈಸನ್ಸಿಗೆ ಒಂದು ಸರ್ಟಿಫಿಕೇಟ್ ಬೇಕಷ್ಟ.”

“ನಿಲ್ರಿ,” ಎಂದೆ. “ಇವರ್ದು ಇನ್ನಾ ಮುಗಿದಿಲ್ಲ.”

ಅವ್ವನಿಗೆ ಕೂರಲು ನನ್ನ ಸ್ಟೂಲನ್ನು ಕಿಟಕಿಯ ಪಕ್ಕದ ಬಾಗಿಲಿನಿಂದ ಹೊರಗೆ ಕೊಟ್ಟೆ. ನಾನು ಒಳಗೆ ನಿಂತುಕೊಂಡೆ.

“ಹೂಂ, ಹೇಳವ್ವ,” ಎಂದೆ.